ತಮಟೆ ಬಿಟ್ಟು ಮಷಿನ್ ಹಿಡಿದ್ರೆ ನಿಮಗೇನ್ರಿ ಕಷ್ಟ?



ತುರುವೇಕೆರೆ ಕಡೆಯ ನಮ್ಮ ಹುಡುಗನೊಬ್ಬ ಒಬ್ಬನೇ ವೇದಿಕೆ ಮೇಲೆ ಹೋರಾಟದ ಹಾಡು ಹಾಡ್ತಾನೆ. ತಾಳಕ್ಕೆ ಯಾವ ಮಷಿನ್ ತಗೊಳ್ಳಲಿ ಅಂತ ಕೇಳಿದ. ಅಷ್ಟಕ್ಕೇ ತಿಪಟೂರಿನ ಕೆಲವು ಸಂಸ್ಕೃತಿಪ್ರೇಮಿಗಳು ‘ತಮಟೆ ಬಿಟ್ಟರೆ ಪರಂಪರೆ ಉಳಿಯುತ್ತಾ?’ ಅಂತ ಉಪದೇಶ ಶುರು ಮಾಡಿದ್ರು.

ಸ್ವಾಮಿ, ಊರ ಜಾತ್ರೆಗೆ, ಊರೋರ ಹೆಣದ ಮುಂದೆ ನಮ್ಮ ಅಪ್ಪಂದಿರು ತಮಟೆ ಬಡಿದಾಗ ಅದು ಪರಂಪರೆ ಆಗಿರಲಿಲ್ಲ, ಬಿಟ್ಟಿ ಚಾಕರಿ ಆಗಿತ್ತು. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು, ನಮಗೆ ಹೆಮ್ಮೆ. ಆದರೆ ಬಡಿಯೋದೂ ಬಿಡೋದೂ ನಮ್ಮಿಷ್ಟ ಆಗಿರಬೇಕು. ಉಳಿಸೋ ಆಸೆ ಇರೋರು ಮೊದಲು ತಮ್ಮ ಹೆಗಲಿಗೆ ಹಾಕ್ಕೊಳ್ಳಲಿ.

ತಮ್ಮಾ, ಆರ್ಕೆಸ್ಟ್ರಾದೋರ ರೋಲ್ಯಾಂಡ್ ಎಸ್‌ಪಿಡಿ-20 ನೋಡಿ ಮರುಳಾಗಬೇಡ. ಅದರಲ್ಲಿರೋದು ಕಂಪನಿ ತುಂಬಿದ ಸದ್ದಷ್ಟೇ. ಎಸ್‌ಪಿಡಿ-ಎಸ್‌ಎಕ್ಸ್‌ಗೆ ನಮ್ಮ ಸದ್ದು ತುಂಬಬಹುದು, ಆದರೆ ಕರೆಂಟ್ ಬೇಕೇ ಬೇಕು. ಕೇರಿ ಸಭೇಲಿ ಕರೆಂಟ್ ಹೋದ್ರೆ? ಎಸ್‌ಪಿ-404 ಎಂಕೆ2 ಆರು ಪೆನ್ ಸೆಲ್‌ನಲ್ಲೇ ನಡೆಯುತ್ತೆ, ನಮ್ಮ ಸದ್ದನ್ನೂ ಹಿಡ್ಕೊಳ್ಳುತ್ತೆ. ಕೋಲಲ್ಲಿ ಬಡಿಯೋದಲ್ಲ, ಬೆರಳಲ್ಲಿ ಒತ್ತೋದು. ಜೊತೆಗೊಂದು ಬ್ಯಾಟರಿ ಸ್ಪೀಕರ್ ಸಾಕು.

ತೆಂಗಿನ ಸೋಗೆ ಬೆಂಕೀಲಿ ಕಾಯಿಸಿದ ನಿಮ್ಮಜ್ಜನ ತಮಟೆ ಏಟನ್ನ, ನಿನಗಿಷ್ಟ ಇದ್ದರೆ, ಅದಕ್ಕೆ ತುಂಬು. ಸಂಭಾವನೆ ಮಾತಾಡ್ಕೊಂಡೇ ವೇದಿಕೆ ಹತ್ತು. ಬಿಟ್ಟಿ ಕಾಲ ಮುಗೀತು.

ಜೈ ಭೀಮ್.