ಹಳೇ ಕಟ್ಟಡಕ್ಕೆ ಅಳುವವರೇ, ಕಟ್ಟಿದವನ ಹೆಸರು ಹೇಳಿ



ದಾವಣಗೆರೆಯ ಹಳೇ ಪೇಟೆಯಲ್ಲಿ ಒಂದು ಹಳೇ ಮನೆ ಬಿದ್ದರೆ ಸಾಕು, ಎರಡು ಬಗೆಯ ಜನ ಮಾತಾಡುತ್ತಾರೆ. ಒಬ್ಬ ಹೇಳ್ತಾನೆ: ಅಯ್ಯೋ, ಎಂಥಾ ಸಾಗುವಾನಿ ಕಂಬ, ಎಂಥಾ ಕೆತ್ತನೆ ಬಾಗಿಲು, ನಮ್ಮ ಪರಂಪರೆಯೇ ಹಾಳಾಯ್ತು. ಇನ್ನೊಬ್ಬ ಹೇಳ್ತಾನೆ: ಹಳೇದು ಹೋಗಲಿ ಬಿಡ್ರಿ, ಕಾಂಪ್ಲೆಕ್ಸ್ ಬರ್ತದೆ, ಊರು ಬೆಳೀಬೇಕು. ಜಗಳ ಜೋರಾಗಿಯೇ ನಡೆಯುತ್ತದೆ. ಆದರೆ ಇಬ್ಬರೂ ಒಂದೇ ಬೀದಿಯವರು. ಒಬ್ಬನ ಅಜ್ಜ ಆ ಮನೆ ಕಟ್ಟಿಸಿದವನು, ಇನ್ನೊಬ್ಬನ ಅಜ್ಜ ಆ ಮನೆಯ ಪಂಕ್ತಿಯಲ್ಲಿ ಉಂಡವನು. ಆ ಮನೆಗೆ ಕಲ್ಲು ಹೊತ್ತವನ ಮೊಮ್ಮಗ, ಸುಣ್ಣ ಅರೆದವಳ ಮೊಮ್ಮಗ ಹಾಸ್ಟೆಲಿನಲ್ಲಿ ಕೂತು ಈ ಪುಟ ಓದುತ್ತಿದ್ದಾನೆ. ಅವನನ್ನು ಯಾರೂ ಏನೂ ಕೇಳಲಿಲ್ಲ.

ಕೇಳದಿದ್ದರೂ ಹೇಳೋಣ.

ಹಳೇ ಮನೆಯ ಜಗಲಿ ನೋಡಿದ್ದೀರಾ? ನೆಲದಿಂದ ಎರಡು ಮೂರು ಅಡಿ ಎತ್ತರ. ಪರಂಪರೆಯ ಪುಸ್ತಕ ಬರೆಯುವವರು ಅದನ್ನು ಬಹಳ ಹೊಗಳುತ್ತಾರೆ. ದಾರಿಹೋಕ ಕೂತು ದಣಿವಾರಿಸಿಕೊಳ್ಳಲಿ ಅಂತ ಹಿರಿಯರು ಕಟ್ಟಿಸಿದರಂತೆ. ಯಾವ ದಾರಿಹೋಕ ಸ್ವಾಮಿ? ನಮ್ಮ ಅಪ್ಪ ಅಲ್ಲ. ನಮ್ಮ ಅಪ್ಪ ನಿಲ್ಲುತ್ತಿದ್ದದ್ದು ಕೆಳಗೆ, ಬೀದಿಯಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು. ಮೇಲಿಂದ ನೀರು ಹೊಯ್ಯುತ್ತಿದ್ದರು, ಅವನು ಬೊಗಸೆ ಒಡ್ಡುತ್ತಿದ್ದ. ಆ ಎರಡು ಮೂರು ಅಡಿ ಇದೆಯಲ್ಲ, ಅದು ಜಾತಿಯ ಅಳತೆ. ಅಳೆದು ನೋಡಬಹುದಾದ ಜಾತಿ.

ಅದಕ್ಕೇ ನಮ್ಮ ಕೆಲವು ಹುಡುಗರು, ಜೆಸಿಬಿ ಬಂದಾಗ ಒಳಗೊಳಗೇ ಖುಷಿ ಪಡುತ್ತಾರೆ. ಬೀಳಲಿ ಬಿಡಲೇ, ನಮ್ಮನ್ನ ಒಳಗೆ ಬಿಟ್ಟಿರಲಿಲ್ಲ ಅಂತಾರೆ. ಈ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನು ಜಗಳ ಮಾಡಬೇಕಾಗಿರುವುದು ಈ ಹುಡುಗರ ಜೊತೆಗೇ. ಬಿದ್ದ ಜಾಗದಲ್ಲಿ ಏಳುವುದು ಏನು? ಗಾಜಿನ ಮುಖದ ಕಾಂಪ್ಲೆಕ್ಸು. ಅದರ ಅಂಗಡಿಗೆ ಕೇಳುವ ಅಡ್ವಾನ್ಸು ನಮ್ಮ ಕೇರಿಯ ಯಾರಿಗೆ ಎಟುಕುತ್ತದೆ? ಮೇಲಿನ ಮನೆ ಬಾಡಿಗೆಗೆ ಕೇಳಲು ಹೋದರೆ ಮೊದಲ ಪ್ರಶ್ನೆ 'ನೀವು ಯಾವ ಪೈಕಿ?' ನಮಗೆ ಸಿಗುವುದು ಪೊರಕೆ ಮತ್ತು ವಾಚ್‌ಮನ್ ಸ್ಟೂಲು. ಜಗಲಿ ಹೋಯಿತು, ಎತ್ತರ ಹೋಗಲಿಲ್ಲ. ಹಳೇ ಗೋಡೆ ಇದ್ದಾಗ ಕನಿಷ್ಠ ಬೆರಳು ತೋರಿಸಿ ಹೇಳಬಹುದಿತ್ತು, ಇಲ್ಲಿ ನಿಲ್ಲಿಸಿದ್ದರು ಅಂತ. ಜಾತಿ ಈಗೆಲ್ಲಿದೇರೀ ಅನ್ನುವವನಿಗೆ ತೋರಿಸಲು ಒಂದು ಕಲ್ಲಾದರೂ ಇತ್ತು. ನಮ್ಮ ಕೇಸು ಇನ್ನೂ ತೀರ್ಮಾನ ಆಗಿಲ್ಲ, ಗೆಳೆಯರೇ. ತೀರ್ಪಿಗೆ ಮೊದಲೇ ಸಾಕ್ಷಿ ನಾಶ ಮಾಡುತ್ತಿದ್ದಾರೆ, ನಾವು ಚಪ್ಪಾಳೆ ತಟ್ಟುತ್ತಿದ್ದೇವೆ.

ಗೆಜೆಟಿಯರ್ ತೆಗೆದು ನೋಡಿ. ಹೈದರಾಲಿ ದಾವಣಗೆರೆಯನ್ನು ಅಪ್ಪಾಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ, ಅವನು ವ್ಯಾಪಾರಿಗಳನ್ನು ಕರೆದು ಪೇಟೆ ಕೂಡಿಸಿದ ಅಂತ ಇದೆ. ನವಾಬನಿದ್ದಾನೆ, ಸರದಾರನಿದ್ದಾನೆ, ವ್ಯಾಪಾರಿ ಇದ್ದಾನೆ. ಮಣ್ಣು ಹೊತ್ತವನಿಲ್ಲ. ಹರಿಹರಕ್ಕೆ ಬಂದರೂ ಅದೇ. ಹರಿಹರೇಶ್ವರ ದೇವಸ್ಥಾನವನ್ನು 1224ರ ಹೊತ್ತಿಗೆ ಹೊಯ್ಸಳ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಸರಿ. 'ಕಟ್ಟಿಸಿದ' ಎಂಬ ಈ ಮಾತಿನಲ್ಲೇ ಮೋಸ ಇದೆ. ಕಟ್ಟಿಸಿದವನ ಹೆಸರು ಎಂಟುನೂರು ವರ್ಷ ಬಾಳುತ್ತದೆ. ಕಟ್ಟಿದವನು ಮೊದಲ ಮಳೆಗೇ ಅಳಿಸಿಹೋಗುತ್ತಾನೆ. ಆ ಗುಡಿಯನ್ನು ಕಾನೂನು ಕಾಯುತ್ತದೆ, ಕಾಯಲಿ. 2010ರ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರು ಅನುಮತಿ ಬೇಕು. ಆ ಮುನ್ನೂರು ಮೀಟರಿನಲ್ಲಿ ಸೋರುವ ಮನೆ ಇರುವ ಬಡವ ದಂಡನಾಯಕನ ಕೀರ್ತಿಗೆ ಇವತ್ತಿಗೂ ತೆರಿಗೆ ಕಟ್ಟುತ್ತಿದ್ದಾನೆ.

ಇನ್ನು ನಮ್ಮ ಗುತ್ತೂರಿನ ಮಗ್ಗುಲಿಗೆ ಬನ್ನಿ. ಯಂತ್ರಾಪುರ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಜಾಗ. ಇಲ್ಲಿ ತಯಾರಾದ ಲೇತುಗಳು ದೇಶದ ಎಷ್ಟು ವರ್ಕ್‌ಶಾಪುಗಳಲ್ಲಿ ತಿರುಗಿದವು! ಆ ಊರಿನ ಹೆಸರೇ ಯಂತ್ರದಿಂದ ಹುಟ್ಟಿದ್ದು. ಈ ಶತಮಾನದ ಆರಂಭದಲ್ಲಿ ಬಾಗಿಲು ಬಿತ್ತು, ಸದ್ದು ನಿಂತು ಎರಡು ದಶಕ ದಾಟಿತು. ಈಗ ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆ ಓದಿ. ಸ್ಮಾರಕ ಅನ್ನಿಸಿಕೊಳ್ಳಲು ಕನಿಷ್ಠ 100 ವರ್ಷ ಆಗಿರಬೇಕು. 1941ಕ್ಕೆ ನೂರು ಸೇರಿಸಿ. 2041. ಅಲ್ಲಿಯವರೆಗೆ ಆ ಶೆಡ್ಡುಗಳ ಒಂದು ಇಟ್ಟಿಗೆ ಉಳಿಯುತ್ತದೆಯೇ? ರಾಜ ಕಟ್ಟಿಸಿದ್ದಕ್ಕೆ ಕಾಯುವ ತಾಳ್ಮೆ ಇದೆ, ದುಡಿಯುವವನು ನಿಂತ ಜಾಗಕ್ಕೆ ಇಲ್ಲ. ಅಲ್ಲಿ ಕಾದ ಕಬ್ಬಿಣದ ಮುಂದೆ ನಿಂತವರು, ಕ್ಯಾಂಟೀನಿನಲ್ಲಿ ಒಂದೇ ಬೆಂಚಿನ ಮೇಲೆ ಮೊದಲ ಸಲ ಬೇರೆ ಜಾತಿಯವರ ಪಕ್ಕ ಕೂತು ಉಂಡವರು ನಮ್ಮ ಕೇರಿಗಳಲ್ಲಿ ಇನ್ನೂ ಇದ್ದಾರೆ. ಮುದುಕರಾಗಿದ್ದಾರೆ. ಅವರೂ ಕಟ್ಟಡಗಳೇ. ಅವರೂ ಬೀಳುತ್ತಿದ್ದಾರೆ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಕಾಟನ್ ಮಿಲ್ಲುಗಳ ಊರು. ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು 1978, 1983, 1985, ಹೀಗೆ ಮೂರು ಸಲ ವಿಧಾನಸಭೆಗೆ ಕಳಿಸಿದ ಊರು. ಆ ವೋಟು ಬಂದದ್ದು ಮಿಲ್ಲಿನ ಗೇಟಿನಿಂದ. ಈಗ ಗೇಟೆಲ್ಲಿ? ದಾವಣಗೆರೆ ಕಾಟನ್ ಮಿಲ್ ಹೋಯಿತು, ಡಿ.ಸಿ.ಎಂ. ಅನ್ನುವ ಮೂರಕ್ಷರ ಒಂದು ಟೌನ್‌ಶಿಪ್ಪಿನ ಹೆಸರಾಗಿ ಉಳಿಯಿತು. ಸೈಟು ಕೊಂಡವನ ಮಗನಿಗೆ ಆ ಮೂರಕ್ಷರ ಬಿಡಿಸಿ ಹೇಳಲು ಬರುತ್ತದೋ ಇಲ್ಲವೋ. ಮಿಲ್ಲುಗಳ ಆಚೆ ದಡದ ಕಥೆ ಗೊತ್ತಾಗಬೇಕಾದರೆ ಮುಂಬಯಿ ನೋಡಿ. 1982ರ ದೊಡ್ಡ ಮುಷ್ಕರದ ನಂತರ ಅಲ್ಲಿಯ ಮಿಲ್ಲುಗಳು ಒಂದೊಂದೇ ಮುಚ್ಚಿದವು. 1991ರಲ್ಲಿ ಒಂದು ನಿಯಮ ಬಂತು: ಮಿಲ್ಲಿನ ಜಾಗ ಮಾರುವುದಾದರೆ ಸುಮಾರು ಮೂರನೇ ಒಂದು ಪಾಲು ಊರಿನ ಬಯಲಿಗೆ, ಇನ್ನೊಂದು ಪಾಲು ಸರ್ಕಾರಿ ವಸತಿಗೆ, ಉಳಿದದ್ದು ಮಾಲೀಕನಿಗೆ. ಕೇಳಲು ಚೆನ್ನಾಗಿದೆ. 2001ರಲ್ಲಿ ಅದನ್ನು ತಿದ್ದಿದರು. ಕಟ್ಟಡ ಇಲ್ಲದ ಖಾಲಿ ನೆಲಕ್ಕೆ ಮಾತ್ರ ಈ ಲೆಕ್ಕ ಅಂದರು. ಕಟ್ಟಡ ನಿಂತ ನೆಲ ಲೆಕ್ಕದಿಂದ ಹೊರಗೆ. ಆಮೇಲೆ ಕಟ್ಟಡವನ್ನೂ ಕೆಡವಿ ಗೋಪುರ ಎಬ್ಬಿಸಿದರು. 2006ರಲ್ಲಿ ಸುಪ್ರೀಂ ಕೋರ್ಟೂ ಸರಿ ಅಂದಿತು. ಫೀನಿಕ್ಸ್ ಮಿಲ್ ಇವತ್ತು ಮಾಲು.

ಇದನ್ನು ಓದಿ ಮಿಲ್ಲೆಂದರೆ ನಮ್ಮ ಸ್ವರ್ಗವಾಗಿತ್ತು ಅಂದುಕೊಳ್ಳಬೇಡಿ. ಅದೇ ಮುಂಬಯಿ ಮಿಲ್ಲುಗಳಲ್ಲಿ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಬಿಡುತ್ತಿರಲಿಲ್ಲ. ಯಾಕೆ ಗೊತ್ತಾ? ಲಾಳಿಯ ಕಣ್ಣಿಗೆ ನೂಲನ್ನು ಬಾಯಿಂದ ಹೀರಿ ಎಳೆಯಬೇಕಿತ್ತು. ನಮ್ಮವನ ಎಂಜಲು ಮುಟ್ಟಿದ ಲಾಳಿಗೆ ಸವರ್ಣ ಕಾರ್ಮಿಕ ಬಾಯಿ ಹಚ್ಚುವುದು ಹೇಗೆ? ನೇಯ್ಗೆಯಲ್ಲೇ ಕೂಲಿ ಹೆಚ್ಚು. 1928ರ ಮುಷ್ಕರದ ಕಾಲದಲ್ಲಿ ಬಾಬಾಸಾಹೇಬರು ಕಾರ್ಮಿಕ ನಾಯಕರ ಮುಖಕ್ಕೆ ಹಿಡಿದ ಪ್ರಶ್ನೆ ಇದೇ. ಈಗ ಹೇಳಿ, ಆ ನೇಯ್ಗೆ ಶೆಡ್ಡು ಉಳಿದಿದ್ದರೆ ಅದು ಯಾರ ಸ್ಮಾರಕ? ಬಂಡವಾಳಗಾರನದೋ? ಕೆಂಬಾವುಟದ್ದೋ? ಅದರ ಬಾಗಿಲ ಮೇಲೆ 'ಇಲ್ಲಿಯವರೆಗೆ ಮಾತ್ರ ನಿಮಗೆ ಪ್ರವೇಶ' ಅಂತ ಬರೆದು ಇಡಬೇಕಿತ್ತು. ಮಾಲಿನ ಎಸ್ಕಲೇಟರು ಇದನ್ನು ಹೇಳುವುದಿಲ್ಲ.

ಮಂಡಕ್ಕಿಯ ವಿಷಯಕ್ಕೂ ಒಂದು ಮಾತು. ಮಂಡಕ್ಕಿ ಮಿರ್ಚಿ ಅಂದರೆ ದಾವಣಗೆರೆಗೆ ಪ್ರಾಣ. ಭಟ್ಟಿಯ ಹೊಗೆ ಅಂದರೆ ಮೂಗು ಮುಚ್ಚಿಕೊಳ್ಳುತ್ತದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಯಲ್ಲಿ ದಾವಣಗೆರೆ ಬಂತು. ಆ ಯೋಜನೆಯಲ್ಲಿ ಮಂಡಕ್ಕಿ ಭಟ್ಟಿ ಪ್ರದೇಶವನ್ನು ಹೊಸದಾಗಿ ಕಟ್ಟುವ ಮಾತೂ ಇತ್ತು. ಭಟ್ಟಿ ಇದ್ದಂತೆಯೇ ಇರಲಿ ಅಂತ ನಾನು ಹೇಳುವವನಲ್ಲ. ಆ ಹೊಗೆ ಕುಡಿದವರ ಕೆಮ್ಮು ಕೇಳಿದವನು ಹಾಗೆ ಹೇಳಲಾರ. ಹೊಗೆ ಹೋಗಲಿ, ಹುರಿಯುವವನು ಯಾಕೆ ಹೋಗಬೇಕು? ಮುಸಲ್ಮಾನರು, ದಲಿತರು ಬೆವರು ಹರಿಸಿ ಬೆಳೆಸಿದ ಜಾಗದ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯುವವನು ಒಮ್ಮೆಯಾದರೂ ಆ ಬೆಂಕಿಯ ಮುಂದೆ ಅರ್ಧ ಗಂಟೆ ಕೂತಿದ್ದಾನೆಯೇ?

ಹಾಗಾದರೆ ಹಳೇದನ್ನೆಲ್ಲ ಉಳಿಸಿ ಅಂತ ಕೂಗಿದರೆ ಬಡವ ಬದುಕುತ್ತಾನಾ? ಅದೂ ಇಲ್ಲ. ಹಂಪಿ ನೋಡಿ. 2011ರ ಜುಲೈ 29ರಂದು ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರ ಮನೆ ಅಂಗಡಿಗಳನ್ನು ಬುಲ್ಡೋಜರಿನಿಂದ ಕೆಡವಿದರು. ಕೆಡವಿದ್ದು ಪರಂಪರೆ ಉಳಿಸುವ ಹೆಸರಿನಲ್ಲಿ! ಬಜಾರು ಬೇಕು, ಬಜಾರಿನ ಜನ ಬೇಡ. ಮೈಸೂರಿನದು ಇನ್ನೊಂದು ತೆರ. ಲ್ಯಾನ್ಸ್‌ಡೌನ್ ಕಟ್ಟಡ ಪಾರಂಪರಿಕ ಅಂತ ಎಲ್ಲರೂ ಮೆರೆಸಿದರು, ದುರಸ್ತಿ ಮಾತ್ರ ಆಗಲಿಲ್ಲ. 2012ರ ಆಗಸ್ಟ್ 25ರಂದು ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟಿನಲ್ಲಿ ಎದುರಿನ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಕುಸಿಯಿತು. ಆಮೇಲೆ ವರ್ಷಗಟ್ಟಲೆ ಚರ್ಚೆ: ಕೆಡವಿ ಕಟ್ಟುವುದೋ, ಇದ್ದದ್ದನ್ನೇ ಗಟ್ಟಿ ಮಾಡುವುದೋ. ತಜ್ಞರು, ಕಮಿಟಿಗಳು, ಕೋರ್ಟು. ಬೆಳಗಿನ ಜಾವ ಮೂಟೆ ಇಳಿಸುವ ಹಮಾಲಿಯನ್ನು ಯಾವ ಕಮಿಟಿಯೂ ಕುರ್ಚಿ ಕೊಟ್ಟು ಕೂರಿಸಲಿಲ್ಲ.

ಉಳಿಸಿದರೂ ನಾವು ಹೊರಗೆ, ಕೆಡವಿದರೂ ನಾವು ಹೊರಗೆ. ಹೊರಗಿನವರ ಕಥೆ ಇಷ್ಟೇ ಅಂದುಕೊಂಡರೆ ತಪ್ಪು. ನಮ್ಮ ಮನೆಗೇ ಹಾರೆ ಬಿದ್ದದ್ದನ್ನು ಕೇಳಿ. ಮುಂಬಯಿಯ ದಾದರಿನಲ್ಲಿ ಅಂಬೇಡ್ಕರ್ ಭವನ ಇತ್ತು, ಜೊತೆಗೆ ಬುದ್ಧಭೂಷಣ ಪ್ರೆಸ್ಸು. 'ಜನತಾ', 'ಪ್ರಬುದ್ಧ ಭಾರತ' ಪತ್ರಿಕೆಗಳ ಮಸಿ ಮೆತ್ತಿದ ಜಾಗ. 2016ರ ಜೂನ್ 25ರ ನಸುಕಿನಲ್ಲಿ, ಊರು ಮಲಗಿದ್ದಾಗ, ಅದನ್ನು ನೆಲಸಮ ಮಾಡಿದರು. ಕಾರಣ? ಶಿಥಿಲವಾಗಿದೆಯಂತೆ. ಆ ಜಾಗದಲ್ಲಿ 17 ಮಹಡಿಯ ಹೊಸ ಅಂಬೇಡ್ಕರ್ ಭವನ ಬರುತ್ತದಂತೆ. ಜುಲೈ 19ರಂದು ಸಾವಿರಾರು ಜನ ಮುಂಬಯಿಯ ಬೀದಿಗಿಳಿದರು. ಗಮನಿಸಿ ಗೆಳೆಯರೇ: ಕೆಡವಲು ಹೊರಟವರು ಬಾಬಾಸಾಹೇಬರ ಹೆಸರನ್ನು ಅಳಿಸುತ್ತೇವೆ ಅನ್ನಲಿಲ್ಲ, ದೊಡ್ಡದಾಗಿ ಬರೆಯುತ್ತೇವೆ ಅಂದರು. ಹದಿನೇಳು ಮಹಡಿಯಷ್ಟು ದೊಡ್ಡದಾಗಿ. ಮುಂದೆ ನಿಮ್ಮ ಊರಿನಲ್ಲೂ ಹೀಗೇ ಬರುತ್ತಾರೆ, ನಮ್ಮ ಹೆಸರಿನ ಬೋರ್ಡು ಹಿಡಿದೇ ಬರುತ್ತಾರೆ. ಹಳೇ ಹಾಸ್ಟೆಲು ಸೋರುತ್ತಿದೆ, ಕೆಡವೋಣ, ಊರ ಹೊರಗೆ ಹೊಸದು ಕಟ್ಟಿಕೊಡುತ್ತೇವೆ ಅಂತಾರೆ. ಊರ ನಡುವಿನ ಜಾಗದ ಬೆಲೆ ಅವರಿಗೆ ಗೊತ್ತು. ನಮಗೆ ಗೊತ್ತಾ?

1928ರಲ್ಲಿ ಬಾಬಾಸಾಹೇಬರು ಶುರು ಮಾಡಿದ ಶಿಕ್ಷಣ ಸಂಸ್ಥೆ ನಡೆಸಿದ ಹಾಸ್ಟೆಲುಗಳಲ್ಲಿ ಒಂದು ನಮ್ಮ ಧಾರವಾಡದಲ್ಲಿತ್ತು. ಅಲ್ಲಿ ತಟ್ಟೆ ತೊಳೆದು ಓದಿದ ಹುಡುಗರಿಂದ ನಮ್ಮವರೆಗೆ ಒಂದು ದಾರಿ ಇದೆ. ಅರಮನೆಯಲ್ಲಿ ನಮ್ಮ ಇತಿಹಾಸ ಹುಡುಕಬೇಡಿ. ಹಾಸ್ಟೆಲಿನ ಹೊಗೆ ಹಿಡಿದ ಅಡುಗೆಮನೆಯಲ್ಲಿ ಹುಡುಕಿ. ಪ್ರೊ. ಬಿ. ಕೃಷ್ಣಪ್ಪ ಹುಟ್ಟಿದ್ದು 1938ರಲ್ಲಿ, ಇದೇ ಹರಿಹರದಲ್ಲಿ. ಅವರು ಆಡಿದ ಕೇರಿ ಯಾವುದು, ಕಲಿತ ಶಾಲೆ ಯಾವುದು ಅಂತ ನಿಮ್ಮ ರೂಮಿನಲ್ಲಿ ಇವತ್ತು ರಾತ್ರಿ ಕೇಳಿ ನೋಡಿ. ಪೋಲಾಳ್ವನ ಹೆಸರು ಪರೀಕ್ಷೆಗೆ ಬರುತ್ತದೆ, ಎಲ್ಲರಿಗೂ ಗೊತ್ತಿರುತ್ತದೆ.

ನಾವು ಕೇಳಬೇಕಾದದ್ದು ಇಷ್ಟು. ನಗರಸಭೆಯಾಗಲಿ ಪಾಲಿಕೆಯಾಗಲಿ ಒಂದು ಹಳೇ ಕಟ್ಟಡ ಕೆಡವಲು ಅಪ್ಪಣೆ ಕೊಡುವ ಮುಂಚೆ, ಅಲ್ಲಿ ದುಡಿದವರು ಯಾರು, ಅಲ್ಲಿಂದ ಹೊರಗಿಟ್ಟಿದ್ದವರು ಯಾರು ಎಂಬುದು ಕಡತದಲ್ಲಿ ದಾಖಲಾಗಲಿ, ಸಾಗುವಾನಿ ಕಂಬದ ಫೋಟೋ ಜೊತೆಗೇ. ಮುಚ್ಚಿದ ಕಾರ್ಖಾನೆಯ ನೆಲ ಸೈಟಾಗುವ ಮೊದಲು ಕಾರ್ಮಿಕನ ಬಾಕಿ ಚುಕ್ತಾ ಆಗಲಿ, ನೆಲದಲ್ಲಿ ಒಂದು ಪಾಲು ಅವನ ಮಕ್ಕಳ ವಸತಿಗೆ ಉಳಿಯಲಿ. ಸರ್ಕಾರಿ ಹಾಸ್ಟೆಲಿನ ಜಾಗ ಊರ ನಡುವಿನಿಂದ ಒಂದು ಅಡಿಯೂ ಸರಿಯಕೂಡದು. ಸ್ಮಾರಕದ ನೆರಳಿನಲ್ಲಿ ಸೋರುವ ಮನೆಗೆ ದುರಸ್ತಿಯ ಅಪ್ಪಣೆ ಕಚೇರಿಗೆ ಅಲೆಸದೆ ಮನೆ ಬಾಗಿಲಿಗೆ ಬರಲಿ.

ಇವನ್ನು ಯಾರೂ ತಾವಾಗಿ ಕೊಡುವುದಿಲ್ಲ. 1980ರ ದಶಕದಲ್ಲಿ ಸರ್ಕಾರ ಬೆಂಗಳೂರಿನ ಅಠಾರಾ ಕಚೇರಿ ಕೆಡವಲು ಹೊರಟಾಗ ಅಲ್ಲಿಯ ಓದಿದ ಜನ ಕೋರ್ಟು ಹತ್ತಿದರು, ಪತ್ರಿಕೆಯಲ್ಲಿ ಬರೆದರು, ಕಟ್ಟಡ ಉಳಿಯಿತು. ಅವರಿಗೆ ಬರೆಯಲು ಬರುತ್ತಿತ್ತು. ಈಗ ನಮಗೂ ಬರುತ್ತದೆ. ಹಾಸ್ಟೆಲು ಸೇರಿದ್ದು ಮತ್ತೇತಕ್ಕೆ?

ಈ ರಜೆಯಲ್ಲಿ ಊರಿಗೆ ಹೋದಾಗ ಒಂದು ನೋಟ್‌ಬುಕ್ ಹಿಡಿದು ಹೋಗಿ. ಮಿಲ್ಲಿನಲ್ಲಿ ದುಡಿದ ಅಜ್ಜನ ಬಳಿ, ಫೌಂಡ್ರಿಯಲ್ಲಿ ಕೈ ಸುಟ್ಟುಕೊಂಡ ದೊಡ್ಡಪ್ಪನ ಬಳಿ, ಭಟ್ಟಿಯಲ್ಲಿ ಹುರಿದ ಅವ್ವಂದಿರ ಬಳಿ ಕೂತು ಕೇಳಿ: ಯಾವ ಗೇಟಿನಿಂದ ಒಳಗೆ ಬಿಡ್ತಿದ್ರು? ನೀರು ಎಲ್ಲಿ ಕುಡೀತಿದ್ರಿ? ಊಟಕ್ಕೆ ಎಲ್ಲಿ ಕೂರ್ತಿದ್ರಿ? ಆ ಜಾಗದಲ್ಲಿ ಈಗ ಏನೈತಿ? ಹೆಸರು, ಇಸವಿ, ಗೇಟಿನ ದಿಕ್ಕು ಸಮೇತ ಬರೆದುಕೊಂಡು ಬನ್ನಿ. ಮುಂದಿನ ಸಂಚಿಕೆಯ ಪುಟಗಳನ್ನು ಅದಕ್ಕೇ ಖಾಲಿ ಇಡುತ್ತೇವೆ.