ಕರೆಂಟ್ ಅಲ್ಲ ಮಾರಾಯ್ರೇ, ಅಯಸ್ಕಾಂತ!

"ತಲೆಗೆ ಕರೆಂಟ್ ಕೊಡಿಸ್ತಾ ಇದೀರಂತೆ, ಹೌದಾ?"

ಚಿಕ್ಕಪ್ಪನ ಮಗ ಚಿಕಿತ್ಸೆಗೆ ಅಂತ ಸಾಗರದಿಂದ ಬಂದು ಬೆಂಗಳೂರಿನ ನಮ್ಮ ಮನೇಲಿ ಉಳಿದಿದ್ದಾಗ ಊರಿನ ಫೋನುಗಳೆಲ್ಲ ಶುರುವಾಗ್ತಾ ಇದ್ದದ್ದೇ ಹೀಗೆ. ಎರಡು ವರ್ಷದಿಂದ ಖಿನ್ನತೆ. ಮೂರು ಥರದ ಮಾತ್ರೆ ಬದಲಾಯಿಸಿ ಆಗಿತ್ತು. ಬೆಳಿಗ್ಗೆ ಎದ್ದು ಹಲ್ಲುಜ್ಜೋದೇ ಅವನಿಗೊಂದು ದೊಡ್ಡ ಕೆಲಸ. ಡಾಕ್ಟರು ಟಿ.ಎಂ.ಎಸ್. ಮಾಡಿ ನೋಡೋಣ ಅಂದರು.

ನಮ್ಮಲ್ಲಿ ತಲೆಗೆ ಏನೇ ಮಾಡಿದರೂ ಅದು "ಕರೆಂಟ್". ಆ ಕರೆಂಟ್ ಚಿಕಿತ್ಸೆ, ಅಂದರೆ ಇ.ಸಿ.ಟಿ., ಶುರುವಾಗಿದ್ದು 1938ರಲ್ಲಿ, ರೋಮ್‌ನಲ್ಲಿ. ಸಿನಿಮಾದವರು ಅದನ್ನು ಶಿಕ್ಷೆಯ ಥರ ತೋರಿಸಿ ತೋರಿಸಿ ಹೆದರಿಸಿಟ್ಟಿದ್ದಾರೆ. ನಿಜ ಏನಂದ್ರೆ ಜೀವಕ್ಕೇ ಕುತ್ತು ಬಂದ ತೀವ್ರ ಖಿನ್ನತೆಯಲ್ಲಿ ಇವತ್ತಿಗೂ ಅದು ಬಹಳ ಒಳ್ಳೆ ಚಿಕಿತ್ಸೆ. ಅರಿವಳಿಕೆ ಇಲ್ಲದೆ ಕೊಡೋದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ನಿಷೇಧಿಸಿದೆ.

ಟಿ.ಎಂ.ಎಸ್. ಬೇರೆಯದೇ ಕಥೆ. ಹೈಸ್ಕೂಲಿನ ಫ್ಯಾರಡೆ ನೆನಪಿದ್ದಾನಾ? ಬದಲಾಗುವ ಕಾಂತಕ್ಷೇತ್ರ ಪಕ್ಕದ ತಂತಿಯಲ್ಲಿ ವಿದ್ಯುತ್ ಹುಟ್ಟಿಸುತ್ತೆ ಅಂತ 1831ರಲ್ಲಿ ತೋರಿಸಿದವನು. ಇಲ್ಲಿ ತಂತಿಯ ಬದಲು ಮಿದುಳಿನ ನರಕೋಶಗಳು, ಅಷ್ಟೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ಈ ಯಂತ್ರ ಮಾಡಿದರು. ಅಮೆರಿಕದಲ್ಲಿ ಖಿನ್ನತೆಗೆ ಅನುಮತಿ ಸಿಕ್ಕಿದ್ದು 2008ರಲ್ಲಿ. ಎಡ ಹಣೆಯ ಮೇಲ್ಭಾಗಕ್ಕೆ ಒಂದು ಸುರುಳಿ ಹಿಡಿದು ಬಿಟ್ಟು ಬಿಟ್ಟು ಮಿಡಿತ ಕೊಡ್ತಾರೆ. ಮರಕುಟಿಗ ಕುಟ್ಟಿದ ಹಾಗೆ ಟಕ ಟಕ ಟಕ... ಪ್ರಜ್ಞೆ ತಪ್ಪಿಸೋದಿಲ್ಲ. ಕೆಲವರಿಗೆ ತಲೆನೋವು ಬರುತ್ತೆ. ಫಿಟ್ಸ್ ಬರೋದು ತೀರಾ ಅಪರೂಪ. ತಲೆಯೊಳಗೆ ಲೋಹ ಇದ್ದವರಿಗೆ ಮಾತ್ರ ಸಾಮಾನ್ಯವಾಗಿ ಬೇಡ ಅಂತಾರೆ. ಮುಗಿದ ಮೇಲೆ ನಮ್ಮ ಹುಡುಗ ಎದ್ದು ಬಂದು ನನ್ನ ಜೊತೆ ಬಸ್ ಹತ್ತುತ್ತಿದ್ದ.

ಹಾಗಂತ ಇದು ಪವಾಡ ಅಲ್ಲ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಪೂರ್ತಿ ಚೇತರಿಸಿಕೊಂಡವರು ನೂರಕ್ಕೆ ಸುಮಾರು 14 ಜನ. ಹುಸಿ ಚಿಕಿತ್ಸೆ ಪಡೆದವರಲ್ಲಿ 5. ಕಡಿಮೆ ಅನ್ನಿಸಬಹುದು, ಆದರೆ ಇವರೆಲ್ಲ ಮಾತ್ರೆಗೆ ಬಗ್ಗದವರು ಅನ್ನೋದನ್ನ ಮರೀಬೇಡಿ. "ಗ್ಯಾರಂಟಿ ಗುಣ" ಅಂತ ಯಾರಾದರೂ ಜಾಹೀರಾತು ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ನನ್ನ ತಕರಾರು ಇರೋದು ಬೇರೆ ಕಡೆ. ವಾರಕ್ಕೆ ಐದು ದಿನ, ನಾಲ್ಕರಿಂದ ಆರು ವಾರ ಹೋಗಬೇಕು. ಹಾಸಿಗೆಯಿಂದ ಏಳಲಾರದ್ದೇ ಕಾಯಿಲೆಯಾದವನಿಗೆ ದಿನಾ ಎದ್ದು ಹೊರಡು ಅಂತೀವಿ! ನಮ್ಮನೆ ಇತ್ತು, ಆಯ್ತು. ಬೆಂಗಳೂರಲ್ಲಿ ಯಾರೂ ಇಲ್ಲದವರು ಆರು ವಾರ ಎಲ್ಲಿರಬೇಕು? ಜೊತೆಗೆ ಬಂದವರ ಕೂಲಿ ಕೊಡೋರು ಯಾರು? ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಷ್ಟೇ ವಿಮೆ ಕೊಡಬೇಕು ಅಂತ ಅದೇ 2017ರ ಕಾಯ್ದೆ ಹೇಳುತ್ತೆ. ಆದರೆ ನಮ್ಮ ಪಾಲಿಸಿಗಳು ಬಹುಪಾಲು ಆಸ್ಪತ್ರೆಗೆ ದಾಖಲಾದರೆ ಮಾತ್ರ ಕಣ್ಣು ಬಿಡೋದು. ದಿನಾ ಬಂದು ಹೋಗುವವನಿಗೆ ಸೊನ್ನೆ.

ಇದಕ್ಕೆ ದಾರಿ ಇಲ್ಲವೇ? ಇದೆ. ಹಳೇ ಕ್ರಮದಲ್ಲಿ ಒಂದು ಸಲಕ್ಕೆ 37 ನಿಮಿಷ ಬೇಕಿತ್ತು. ಕೆನಡಾದಲ್ಲಿ 414 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೇವಲ 3 ನಿಮಿಷದ ಕ್ರಮವೂ ಅದಕ್ಕೆ ಕಡಿಮೆಯಿಲ್ಲ ಅಂತ ಗೊತ್ತಾಯ್ತು. ಅಂದರೆ ಅದೇ ಯಂತ್ರದಲ್ಲಿ ಒಂದು ದಿನಕ್ಕೆ ಎಷ್ಟೋ ಪಟ್ಟು ಹೆಚ್ಚು ಜನ! ಐದೇ ದಿನದಲ್ಲಿ ಮುಗಿಸುವ ಕ್ರಮವೂ ಬಂದಿದೆ, ದಿನಕ್ಕೆ ಹತ್ತು ಸಲ. ಅದರ ಸುದ್ದಿ ಜೋರು, ಆದರೆ ಹೆಸರು ತಂದ ಸ್ಟ್ಯಾನ್‌ಫರ್ಡ್ ಪ್ರಯೋಗದಲ್ಲಿ ಇದ್ದದ್ದು ಮೂವತ್ತಕ್ಕೂ ಕಡಿಮೆ ಜನ. ಸ್ವಲ್ಪ ಕಾಯೋಣ.

ಮೂರು ನಿಮಿಷದ್ದಕ್ಕೆ ಯಾಕೆ ಕಾಯಬೇಕು? ಜಿಲ್ಲೆ ಜಿಲ್ಲೆಗೆ ಸರ್ಕಾರಿ ಮೆಡಿಕಲ್ ಕಾಲೇಜು ಮಾಡ್ತಾ ಇದ್ದೀವಿ. ಒಂದೊಂದರಲ್ಲಿ ಒಂದು ಯಂತ್ರ, ತರಬೇತಾದ ಒಬ್ಬರು ಇರಲಿ. ಶಿವಮೊಗ್ಗದಲ್ಲಿ ಇದ್ದಿದ್ದರೆ ನಮ್ಮ ಹುಡುಗ ಸಂಜೆಗೆ ಮನೆ ಸೇರುತ್ತಿದ್ದ, ಅಮ್ಮನ ಕೈ ಊಟ ಮಾಡುತ್ತಿದ್ದ.

ಅವನೇನಾದ ಅಂತ ಕೇಳ್ತೀರಿ. ಕುಣಿದಾಡಲಿಲ್ಲ. ಮಾತ್ರೆಯೂ ನಿಂತಿಲ್ಲ. ನಾಲ್ಕನೇ ವಾರ ಒಂದು ಬೆಳಿಗ್ಗೆ ನಾನು ಏಳೋದರೊಳಗೆ ತಾನೇ ಕಾಫಿ ಮಾಡಿಕೊಂಡು ಪೇಪರ್ ಓದ್ತಾ ಕೂತಿದ್ದ. ಸಕ್ಕರೆ ಜಾಸ್ತಿ ಹಾಕಿದ್ದ, ನಾನು ಬೈಯಲಿಲ್ಲ :-)

ನಿಮ್ಮ ಮನೆಯಲ್ಲೂ ಯಾರಾದರೂ ಹೀಗಿದ್ದರೆ 14416ಕ್ಕೆ, ಟೆಲಿ ಮಾನಸ್‌ಗೆ, ಒಂದು ಫೋನ್ ಮಾಡಿ. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಇನ್ನು "ಕರೆಂಟ್ ಕೊಡಿಸ್ತಾ ಇದೀರಂತೆ" ಅಂತ ಯಾರಾದರೂ ಕೇಳಿದರೆ... ಫ್ಯಾರಡೆ ಕಥೆ ಹೇಳಿ!