ಧ್ವನಿವರ್ಧಕವನ್ನು ಎಲ್ಲಿ ನಿಲ್ಲಿಸಬೇಕು?

ಜಾತ್ರೆಯಲ್ಲಿ ಮಗು ತಪ್ಪಿಸಿಕೊಂಡರೆ ಹೆತ್ತವರು ಮೊದಲು ಓಡುವುದು ಮೈಕಿನ ಬಳಿಗೆ. ಮಗುವಿನ ಹೆಸರು, ತೊಟ್ಟ ಅಂಗಿಯ ಬಣ್ಣ, ಕರೆತರಬೇಕಾದ ಸ್ಥಳ, ಇಷ್ಟನ್ನು ಮೂರು ಬಾರಿ ಕೂಗಿ ಹೇಳಲಾಗುತ್ತದೆ. ಕಾಲು ಫರ್ಲಾಂಗಿನಾಚೆ ನಿಂತವನಿಗೆ ಏನೋ ಪ್ರಕಟಣೆಯಾಯಿತೆಂದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ಶಬ್ದಕ್ಕೇನೂ ಕೊರತೆಯಿಲ್ಲ, ಎದೆ ನಡುಗುವಷ್ಟಿದೆ. ಮುಟ್ಟದೆ ಹೋದುದು ಮಾತು.

ಉತ್ಸವ ಸಮಿತಿಗಳು ಧ್ವನಿವರ್ಧಕಗಳನ್ನು ಬಾಡಿಗೆಗೆ ಗೊತ್ತುಮಾಡುವಾಗ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಎರಡೇ: ಪೆಟ್ಟಿಗೆ ಎಷ್ಟು, ವ್ಯಾಟ್ ಎಷ್ಟು? ಈ ಎರಡು ಪ್ರಶ್ನೆಗಳಿಂದಲೇ ನಮ್ಮ ಸಭೆ ಜಾತ್ರೆಗಳ ಶ್ರವಣಸುಖ ಕೆಟ್ಟಿದೆಯೆಂಬುದು ನನ್ನ ಅಭಿಪ್ರಾಯ. ಕೇಳಬೇಕಾದುದು ಪೆಟ್ಟಿಗೆಗಳನ್ನು ಎಲ್ಲಿ ನಿಲ್ಲಿಸುವಿರಿ, ಎಷ್ಟು ಎತ್ತರದಲ್ಲಿ, ಯಾವ ಕಡೆಗೆ ಮುಖಮಾಡಿ ಎಂಬುದನ್ನು. ಗುಂಡಿ ತಿರುಗಿಸುವ ಕೆಲಸ ಕೊನೆಯದು. ಇದು ಮೈಕ್ ಸೆಟ್ಟಿನವರ ಮೇಲಿನ ದೂರಲ್ಲ. ಹೆಚ್ಚು ಗದ್ದಲ ಮಾಡಿದವನಿಗೇ ಮೆಚ್ಚುಗೆ ಸಲ್ಲುವ ಕಡೆ ಅವರು ತಾನೆ ಇನ್ನೇನು ಮಾಡಿಯಾರು?

ಪಾವಗಡ ತಾಲ್ಲೂಕಿನ ನಾಗಲಮಡಿಕೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಉತ್ತರ ಪಿನಾಕಿನಿಯ ದಡದಲ್ಲಿರುವ ಈ ಊರು ಅಂತ್ಯ ಸುಬ್ರಹ್ಮಣ್ಯ ಕ್ಷೇತ್ರವೆಂದು ಪ್ರಸಿದ್ಧವಾಗಿದೆ. ಕುಕ್ಕೆ ಆದಿ, ಘಾಟಿ ಮಧ್ಯ, ನಾಗಲಮಡಿಕೆ ಅಂತ್ಯ ಎಂಬುದು ಭಕ್ತರ ಎಣಿಕೆ. ಪುಷ್ಯ ಮಾಸದ ರಥೋತ್ಸವಕ್ಕೂ ದನಗಳ ಜಾತ್ರೆಗೂ ಸುತ್ತಲಿನ ಊರುಗಳವರು ಸೇರುತ್ತಾರೆ. ತಾಲ್ಲೂಕಿನ ಮೂರು ಕಡೆ ಆಂಧ್ರಪ್ರದೇಶದ ಗಡಿಯಿರುವುದರಿಂದ ಕನ್ನಡ ತೆಲುಗುಗಳೆರಡೂ ಇಲ್ಲಿ ಮನೆಮಾತುಗಳು. ಮನೆಮಾತಲ್ಲದ ಭಾಷೆಯ ಪ್ರಕಟಣೆಯನ್ನು ಕೇಳಿ ತಿಳಿಯಬೇಕಾದವನಿಗೆ ಮಸುಕಾದ ಮಾತು ಇನ್ನೂ ಕಷ್ಟವೆಂಬುದನ್ನು ಹೇಳಬೇಕಾದುದಿಲ್ಲ. ಸ್ಥಳವಾದರೋ ಬಯಲು. ಪಠ್ಯಪುಸ್ತಕದಲ್ಲಿ ಓದುವ ವಿಲೋಮ ವರ್ಗ ನಿಯಮ ಹೆಚ್ಚುಕಡಮೆ ಪುಸ್ತಕದಲ್ಲಿರುವಂತೆಯೇ ನಡೆಯುವುದು ಇಂಥ ಬಯಲಿನಲ್ಲಿ.

ಆ ನಿಯಮದ ಲೆಕ್ಕವನ್ನು ಒಮ್ಮೆ ಮಾಡಿ ನೋಡಿರಿ. ದೂರ ಇಮ್ಮಡಿಯಾದಂತೆಲ್ಲ ಶಬ್ದದ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಒಂದು ಪೆಟ್ಟಿಗೆಯೆದುರು 1 ಮೀಟರ್ ದೂರದಲ್ಲಿ 100 ಡೆಸಿಬೆಲ್ ಇದ್ದರೆ 2 ಮೀಟರಿನಲ್ಲಿ 94, 4ರಲ್ಲಿ 88, 16ರಲ್ಲಿ 76, 64 ಮೀಟರಿನಲ್ಲಿ 64 ಮಾತ್ರ. ಜನಜಂಗುಳಿಯ ಗದ್ದಲದಲ್ಲಿ 64 ಡೆಸಿಬೆಲ್ಲಿನ ಮಾತು ಮುಳುಗಿಹೋಗುತ್ತದೆ. ಅಲ್ಲಿಯೂ 76 ಬೇಕೆಂದು ಗುಂಡಿ ತಿರುಗಿಸಿದರೆ 12 ಡೆಸಿಬೆಲ್ ಏರಿಸಬೇಕು. ಎಂದರೆ ವಿದ್ಯುಚ್ಛಕ್ತಿಯನ್ನು 16 ಪಟ್ಟು ಮಾಡಬೇಕು. ಆಗ ಪೆಟ್ಟಿಗೆಯಿಂದ 2 ಮೀಟರಿನಲ್ಲಿ ಕುಳಿತ ಮಕ್ಕಳ ಕಿವಿಗೆ ಬೀಳುವುದು 106 ಡೆಸಿಬೆಲ್. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮನರಂಜನಾ ಸ್ಥಳಗಳಿಗೆ ಸೂಚಿಸಿದ ಮೇಲ್ಮಿತಿ 15 ನಿಮಿಷಗಳ ಸರಾಸರಿಯಲ್ಲಿ 100 ಡೆಸಿಬೆಲ್. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ಇದರ ಬದಲು ಅದೇ ಬಗೆಯ ಇನ್ನೊಂದು ಪೆಟ್ಟಿಗೆಯನ್ನು ವೇದಿಕೆಯಿಂದ 48 ಮೀಟರ್ ದೂರದಲ್ಲಿ ನಿಲ್ಲಿಸಿರಿ. 64ನೆಯ ಮೀಟರಿನಲ್ಲಿರುವವನು ಅದಕ್ಕೆ 16 ಮೀಟರ್ ಹತ್ತಿರದಲ್ಲಿದ್ದಾನೆ. ಅವನಿಗೆ 76 ಡೆಸಿಬೆಲ್ ದೊರೆಯಿತು. ಶಕ್ತಿ 16 ಪಟ್ಟಾಗಲಿಲ್ಲ, ಎರಡು ಪಟ್ಟಾಯಿತು. ಮುಂದೆ ಕುಳಿತವರ ಕಿವಿಯೂ ಉಳಿಯಿತು.

ಇಲ್ಲೊಂದು ತೊಡಕಿದೆ. ತಂತಿಯಲ್ಲಿ ಸಂಕೇತ ಕ್ಷಣಮಾತ್ರದಲ್ಲಿ ಹೋಗುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರಿನಂತೆ ನಡೆಯುತ್ತದೆ. ವೇದಿಕೆಯ ಪೆಟ್ಟಿಗೆಯ ಧ್ವನಿ 48 ಮೀಟರ್ ಸಾಗುವುದಕ್ಕೆ 140 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಎರಡನೆಯ ಪೆಟ್ಟಿಗೆ ಅದೇ ಅಕ್ಷರವನ್ನು ಹೇಳಿ ಮುಗಿಸಿರುತ್ತದೆ. ಹಿಂದಿನ ಸಾಲಿನವನಿಗೆ ಪ್ರತಿಯೊಂದು ಅಕ್ಷರವೂ ಎರಡು ಬಾರಿ ಬಡಿಯುತ್ತದೆ. ಆದುದರಿಂದ ಎರಡನೆಯ ಪೆಟ್ಟಿಗೆಗೆ ಹೋಗುವ ಸಂಕೇತವನ್ನು ಬೇಕೆಂದೇ ತಡಮಾಡಬೇಕು. ಇಂದಿನ ಡಿಜಿಟಲ್ ಮಿಕ್ಸರುಗಳಲ್ಲಿ ಇದಕ್ಕೆ ಅನುಕೂಲವಿರುವುದುಂಟು. 140ಕ್ಕೆ ಇನ್ನೊಂದು 10 ಅಥವಾ 15 ಮಿಲಿಸೆಕೆಂಡ್ ಸೇರಿಸಿದರೆ ಒಳ್ಳೆಯದು. ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿ 1949ರಲ್ಲಿ ತೋರಿಸಿದಂತೆ, ಒಂದೇ ಧ್ವನಿ ಸುಮಾರು 30 ಮಿಲಿಸೆಕೆಂಡುಗಳೊಳಗೆ ಎರಡು ಕಡೆಯಿಂದ ಬಂದರೆ ಕಿವಿ ಅವನ್ನು ಒಂದಾಗಿಯೇ ಕೇಳುತ್ತದೆ. ಮೊದಲು ಬಂದ ದಿಕ್ಕನ್ನೇ ಮೂಲವೆಂದು ತಿಳಿಯುತ್ತದೆ. ಹತ್ತಿರದ ಪೆಟ್ಟಿಗೆಯ ಜೋರು ಮಿತಿಮೀರದಿದ್ದರೆ ಮಾತು ವೇದಿಕೆಯಿಂದಲೇ ಬಂದಂತೆ ತೋರುತ್ತದೆ. ಇನ್ನೊಂದು ಸ್ವಾರಸ್ಯವೇನೆಂದರೆ ಪುಷ್ಯದ ಚಳಿಯಲ್ಲಿ ಇಟ್ಟ 140, ಚೈತ್ರದ 35 ಡಿಗ್ರಿ ಬಿಸಿಲಿನಲ್ಲಿ 136ಕ್ಕೆ ಇಳಿಯುತ್ತದೆ. ಬಿಸಿಗಾಳಿಯಲ್ಲಿ ಶಬ್ದದ ವೇಗ ಹೆಚ್ಚು.

ವ್ಯಾಟುಗಳ ಮೋಹ ನಮ್ಮವರಿಗೆ ಏಕೆ ಹಿಡಿಯಿತೋ ತಿಳಿಯದು. ಇದೇ ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು ಮುಂತಾದ ಗ್ರಾಮಗಳ ನೆಲದಲ್ಲಿ 2018ರಲ್ಲಿ ಉದ್ಘಾಟನೆಯಾದ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್. ಮನುಷ್ಯ ಎದುರಿಗಿರುವವನೊಡನೆ ಮಾತನಾಡುವಾಗ ಬಾಯಿಂದ ಹೊರಡುವ ಶಬ್ದಶಕ್ತಿಯಾದರೋ ಒಂದು ವ್ಯಾಟಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವು ಹತ್ತರಷ್ಟು. ಸಾಮಾನ್ಯ ಧ್ವನಿವರ್ಧಕಗಳು ತಾವು ಪಡೆದ ವಿದ್ಯುತ್ತಿನಲ್ಲಿ ನೂರಕ್ಕೆ ಕೆಲವೇ ಪಾಲನ್ನು ಶಬ್ದವಾಗಿಸುತ್ತವೆ, ಉಳಿದುದು ಶಾಖ. ಶಕ್ತಿಯನ್ನು ಇಮ್ಮಡಿಸಿದರೆ ಏರುವುದು 3 ಡೆಸಿಬೆಲ್. ಅದನ್ನು ಕಿವಿ ಗುರುತಿಸುವುದೇ ಕಷ್ಟ. ಕಿವಿಗೆ ಇಮ್ಮಡಿಯೆನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು.

ಈಗ ಬಳಕೆಗೆ ಬಂದಿರುವ ಪವರ್ಡ್ ಸ್ಪೀಕರುಗಳಲ್ಲಿ ಆಂಪ್ಲಿಫೈಯರು ಪೆಟ್ಟಿಗೆಯೊಳಗೇ ಇರುತ್ತದೆ. ಇದೇನೂ ಹೊಸ ಕಲ್ಪನೆಯಲ್ಲ. ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಅಮೆರಿಕದ ಎಂಜಿನಿಯರುಗಳು 1925ರಲ್ಲಿ ವಿವರಿಸಿದ ಚಲಿಸುವ ಸುರುಳಿಯ ಧ್ವನಿವರ್ಧಕ ಮರುವರ್ಷ ಮಾರುಕಟ್ಟೆಗೆ ಬಂದಾಗಲೇ ಆಂಪ್ಲಿಫೈಯರನ್ನು ಒಡಲಲ್ಲಿಟ್ಟುಕೊಂಡಿತ್ತು. ಇಂದಿನ ಪೆಟ್ಟಿಗೆಯಲ್ಲಿ ತಗ್ಗುಸ್ವರದ ದೊಡ್ಡ ಶಂಕುವಿಗೊಂದು, ಮೇಲುಸ್ವರದ ಕಹಳೆಗೊಂದು ಪ್ರತ್ಯೇಕ ಆಂಪ್ಲಿಫೈಯರು ಇರುವುದು ಸಾಮಾನ್ಯ. ನಮ್ಮ ಗಮನ ಇರಬೇಕಾದುದು ಆ ಕಹಳೆಯ ಮೇಲೆ. ಏಕೆ?

ತಾಯಿ, ಕಾಯಿ, ಬಾಯಿ, ನಾಯಿ: ಈ ನಾಲ್ಕು ಪದಗಳಲ್ಲಿ ಸ್ವರಭಾಗವೆಲ್ಲ ಒಂದೇ, ಭೇದವಿರುವುದು ಮೊದಲ ವ್ಯಂಜನದಲ್ಲಿ. ಸ್ವರಗಳ ಶಕ್ತಿ ಬಹುಮಟ್ಟಿಗೆ 1,000 ಹರ್ಟ್ಸಿನ ಕೆಳಗೆ ಸೇರಿದೆ. ವ್ಯಂಜನಗಳ ಗುರುತು ಹೆಚ್ಚಾಗಿ 2,000ದಿಂದ 4,000 ಹರ್ಟ್ಸಿನ ನಡುವೆ ಮತ್ತು ಅದರ ಮೇಲೆ. 100 ಹರ್ಟ್ಸಿನ ಶಬ್ದದ ತರಂಗದೂರ ಸುಮಾರು ಮೂರೂವರೆ ಮೀಟರ್. ಅದು ಜನರನ್ನೂ ದನಗಳನ್ನೂ ಬಳಸಿಕೊಂಡು ಮುಂದೆ ಹೋಗುತ್ತದೆ. 4,000 ಹರ್ಟ್ಸಿನ ತರಂಗದೂರ ಎಂಟೂವರೆ ಸೆಂಟಿಮೀಟರ್ ಮಾತ್ರ; ಮುಂದೆ ನಿಂತವನ ತಲೆಯೇ ಅದಕ್ಕೆ ಗೋಡೆ. ಪೆಟ್ಟಿಗೆಯನ್ನು ನೆಲದ ಮೇಲಿಟ್ಟಾಗ ಹಿಂದಿನವರಿಗೆ ಗುಡುಗು ಕೇಳಿ ಮಾತು ಕೇಳಿಸದಿರುವುದಕ್ಕೆ ಕಾರಣವಿದು. ಕಹಳೆ ನಿಂತವರ ತಲೆಗಿಂತ ಮೇಲಿರಬೇಕು. ಪೆಟ್ಟಿಗೆ ಕೊಂಚ ಮುಂದಕ್ಕೆ ಬಾಗಿ ಹಿಂದಿನ ಸಾಲುಗಳನ್ನು ನೋಡುತ್ತಿರಬೇಕು. ಅನೇಕ ಕಹಳೆಗಳು ಅಡ್ಡಕ್ಕೆ ಅಗಲವಾಗಿಯೂ ಉದ್ದಕ್ಕೆ ಕಿರಿದಾಗಿಯೂ ಶಬ್ದವನ್ನು ಚೆಲ್ಲುವಂತೆ ರಚಿತವಾಗಿರುತ್ತವೆ. ಅಂಥ ಪೆಟ್ಟಿಗೆಯನ್ನು ಅಡ್ಡಲಾಗಿ ಮಲಗಿಸಿದರೆ ಈ ಏರ್ಪಾಡು ತಿರುಗುಮುರುಗಾಗುತ್ತದೆ. ಭಾಷಣಕ್ಕೆ ತಗ್ಗುಸ್ವರವನ್ನು ಏರಿಸುವುದಂತೂ ವ್ಯಂಜನಗಳನ್ನು ಹೂಳಿದಂತೆ. 100 ಹರ್ಟ್ಸಿನ ಕೆಳಗಿನ ಭಾಗವನ್ನು ಕತ್ತರಿಸಿಬಿಡುವುದೇ ಮೇಲು.

ಮೈಕು ಕುಂಯ್ ಎಂದು ಕಿರುಚುವುದು ಎಲ್ಲರಿಗೂ ಪರಿಚಿತ. ಪೆಟ್ಟಿಗೆಯ ಧ್ವನಿ ಮೈಕಿಗೆ ಮರಳಿ, ಮತ್ತೆ ವರ್ಧಿಸಿ, ಸುತ್ತು ಬೆಳೆಯುವುದೇ ಇದರ ಕಾರಣ. ಪೆಟ್ಟಿಗೆಗಳನ್ನು ಮೈಕಿಗಿಂತ ಮುಂದೆ, ಜನರ ಕಡೆಗೆ ನಿಲ್ಲಿಸಿರಿ. ಭಾಷಣಕಾರರು ಮೈಕಿನಿಂದ ಒಂದು ಮೊಳ ದೂರ ನಿಂತು ಮಾತನಾಡುವುದು ಗೌರವದ ಲಕ್ಷಣವೆಂದು ತಿಳಿದಂತೆ ತೋರುತ್ತದೆ. ಆ ದೂರವನ್ನು ಅರ್ಧಕ್ಕಿಳಿಸಿದರೆ ಯಾವ ಗುಂಡಿಯನ್ನೂ ಮುಟ್ಟದೆ 6 ಡೆಸಿಬೆಲ್ ಲಾಭ.

ಗುಂಡಿಗಳ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪವೇ. ಪೆಟ್ಟಿಗೆಯ ಬೆನ್ನಿನಲ್ಲಿರುವ ಮೈಕ್, ಲೈನ್ ಆಯ್ಕೆ ಸರಿಯಾಗಿದೆಯೇ ನೋಡಿರಿ; ಮೈಕು ಕೊಡುವುದು ಕೆಲವು ಮಿಲಿವೋಲ್ಟ್, ಮಿಕ್ಸರು ಕೊಡುವುದು ಒಂದು ವೋಲ್ಟಿನ ಸುಮಾರು. ಎಲ್ಲವನ್ನೂ ತಗ್ಗಿಸಿಟ್ಟು, ಮಾತನಾಡಿಸಿ, ಮಿಕ್ಸರಿನ ಕೆಂಪುದೀಪ ಹೊತ್ತದಷ್ಟಕ್ಕೆ ಮೊದಲ ಗುಂಡಿಯನ್ನು ಏರಿಸಿ, ಪೆಟ್ಟಿಗೆಯ ಗುಂಡಿಯನ್ನು ಕಟ್ಟಕಡೆಗೆ ತೆರೆಯಬೇಕು. ಕೆಂಪುದೀಪ ಉರಿಯುತ್ತಲೇ ಇದ್ದರೆ ತರಂಗದ ತುದಿ ಕತ್ತರಿಸಿಹೋಗುತ್ತಿದೆಯೆಂದೇ ಅರ್ಥ. 50 ಹರ್ಟ್ಸಿನ ಗುಂಯ್ಗಾರ ಕೇಳಿಬಂದರೆ ಕೆಲವರು ಪ್ಲಗ್ಗಿನ ಭೂಸಂಪರ್ಕದ ಕಡ್ಡಿಯನ್ನು ಕಿತ್ತುಹಾಕುತ್ತಾರೆ. ಇದು ಪ್ರಾಣಾಪಾಯದ ಕೆಲಸ. ಪವರ್ಡ್ ಪೆಟ್ಟಿಗೆ ಪ್ರತಿಯೊಂದಕ್ಕೂ 230 ವೋಲ್ಟಿನ ತಂತಿ ಹೋಗುತ್ತದೆಂಬುದನ್ನು ಮರೆಯಲಾಗದು. ಗುಂಯ್ಗಾರಕ್ಕೆ ಮದ್ದು ಮೂರು ಕಡ್ಡಿಯ ಸಮತೋಲಿತ ತಂತಿಯನ್ನು ಬಳಸುವುದು, ಅದನ್ನು ವಿದ್ಯುತ್ ತಂತಿಯ ಜೊತೆಜೊತೆಗೆ ಎಳೆಯದಿರುವುದು, ಎಲ್ಲ ಪೆಟ್ಟಿಗೆಗಳಿಗೂ ಒಂದೇ ಭೂಸಂಪರ್ಕವಿರುವಂತೆ ನೋಡುವುದು.

ಜನರಿಗೆ ಜೋರೇ ಇಷ್ಟವೆಂದು ಸಮಿತಿಯವರು ವಾದಿಸಬಹುದು. ಕುಣಿಯುವ ಹುಡುಗರಿಗೆ ಇಷ್ಟವಿದ್ದೀತು. ಆದರೆ ಜಾತ್ರೆಯ ಬಯಲಿನಾಚೆ ಪರೀಕ್ಷೆಗೆ ಓದುತ್ತಿರುವ ಹುಡುಗಿಯನ್ನು ಯಾರೂ ಕೇಳಿಲ್ಲ. ಪುಷ್ಯದ ತಿಳಿಯಾದ ರಾತ್ರಿಗಳಲ್ಲಿ ನೆಲ ಬೇಗ ತಣಿದು, ನೆಲದ ಬಳಿಯ ಗಾಳಿಗಿಂತ ಮೇಲಿನ ಗಾಳಿ ಬೆಚ್ಚಗಿರುತ್ತದೆ. ಮೇಲಕ್ಕೆ ಹೊರಟ ಶಬ್ದ ಆಗ ಕೆಳಕ್ಕೆ ಬಾಗುವುದರಿಂದ, ಹಗಲಿನಲ್ಲಿ ಮುಂದಿನ ಊರಿಗೆ ಕೇಳದಿದ್ದುದು ರಾತ್ರಿ ಮನೆಯೊಳಗೆ ಬರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವನ್ನು ನಿಷೇಧಿಸಿವೆ. ಉತ್ಸವಗಳಿಗೆ ವರ್ಷದಲ್ಲಿ ಕೆಲವು ದಿನ ಮಾತ್ರ ಸರ್ಕಾರ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಸಾರ್ವಜನಿಕ ಸ್ಥಳದ ಎಲ್ಲೆಯಲ್ಲಿ ಶಬ್ದ ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಇವೆರಡರಲ್ಲಿ ಕಡಿಮೆಯಾದುದನ್ನು ಮೀರಬಾರದು. ವಸತಿ ಪ್ರದೇಶದ ಹಗಲಿನ ಮಿತಿ 55 ಆದುದರಿಂದ ಅಲ್ಲಿ 65. ಒಂದೇ ಕಡೆಯಿಂದ ಊರಿಗೆಲ್ಲ ಕೂಗುವ ಏರ್ಪಾಡಿನಲ್ಲಿ ಇದನ್ನು ಪಾಲಿಸುವುದು ಅಸಾಧ್ಯ. ಜನರ ಬಳಿಯಲ್ಲೇ ಒಳಮುಖವಾಗಿ ನಿಂತ ಸಣ್ಣ ಪೆಟ್ಟಿಗೆಗಳಿಂದ ಸಾಧ್ಯ.

ಇದೆಲ್ಲ ಸರಿಯಾಗಿದೆಯೇ ಎಂದು ಅಳೆಯುವ ಕೆಲಸ ನಮ್ಮ ಹೈಸ್ಕೂಲು ಕಾಲೇಜುಗಳ ವಿದ್ಯಾರ್ಥಿಗಳದಾಗಬೇಕೆಂಬುದು ನನ್ನ ಸಲಹೆ. ಬೆಲೆಬಾಳುವ ಉಪಕರಣ ಬೇಡ. ಟೆಲಿಫೋನಿನಲ್ಲಿ ಮಾತು ಎಷ್ಟು ಸ್ಪಷ್ಟವೆಂದು ತಿಳಿಯಲು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹಾರ್ವೆ ಫ್ಲೆಚರ್ ಮತ್ತು ಸಂಗಡಿಗರು 1920ರ ದಶಕದಲ್ಲಿ ಬಳಸಿದ ವಿಧಾನ ನಮ್ಮ ಉಕ್ತಲೇಖನವೇ ಸರಿ. ಹಾಲು, ಕಾಲು, ಪಾಲು, ಸಾಲು ಎಂಬಂಥ 50 ಪದಗಳ ಪಟ್ಟಿಯನ್ನು ಒಬ್ಬನು ವೇದಿಕೆಯಿಂದ ಓದಲಿ. ಹತ್ತು ಮಂದಿ ಹತ್ತು ಕಡೆ ನಿಂತು ಕೇಳಿದುದನ್ನು ಬರೆಯಲಿ. ಅಂಕ ಕಡಿಮೆ ಬಂದ ಮೂಲೆಯಲ್ಲಿ ಮೊದಲು ಪೆಟ್ಟಿಗೆಯ ದಿಕ್ಕನ್ನೂ ಎತ್ತರವನ್ನೂ ನೋಡಿರಿ, ಅನಂತರ ತಡೆಯ ಮಿಲಿಸೆಕೆಂಡುಗಳನ್ನು. ಸಂಜೆ ಜನ ತುಂಬಿದ ಮೇಲೆ ಅದೇ ಪಟ್ಟಿಯನ್ನು ಬೇರೆ ಕ್ರಮದಲ್ಲಿ ಮತ್ತೊಮ್ಮೆ ಓದಿಸಬೇಕು. ಜನರ ಮೈಯೂ ಬಟ್ಟೆಯೂ ಕಿರುತರಂಗಗಳನ್ನು ಹೀರಿಕೊಳ್ಳುವುದರಿಂದ ಬೆಳಗಿನ ಬರಿಬಯಲಿನಲ್ಲಿ ಬಂದ ಅಂಕ ಸಂಜೆಗೆ ಉಳಿಯುವುದಿಲ್ಲ.